ಮೊದಲು ಅವರೇ ಮಾತಾಡಲಿ

ಖಾಸಬಾಗದಲ್ಲಿ ಒಂದು ಪತ್ತಿನ ಸೊಸೈಟಿ. ಹೆಸರು ಕೇಳಬೇಡಿ. ಬೆಳಗಾವಿಯಲ್ಲಿ ಗಲ್ಲಿಗೊಂದು ಸೊಸೈಟಿ ಇರುವುದರಿಂದ ಯಾವುದನ್ನು ಅಂದುಕೊಂಡರೂ ನಡೆಯುತ್ತದೆ. ನಾನೂ ನಾಲ್ಕಾರನ್ನು ಕಲಸಿಯೇ ಈ ಒಂದನ್ನು ಕಟ್ಟಿದ್ದೇನೆ. ಕೆಳಗೆ ಕೌಂಟರು, ಮಹಡಿಯ ಮೇಲೆ ಚೇರ್ಮನ್ನರ ಕ್ಯಾಬಿನ್ನು, ಹಿತ್ತಲಿನಾಚೆ ದಿನವಿಡೀ ಖಟಖಟ ಅನ್ನುವ ಪವರ್‌ಲೂಮು. ಈ ಸೊಸೈಟಿಗೆ 24 ಪೋರ್ಟಿನ ಎರಡು ಮ್ಯಾನೇಜ್ಡ್ ಸ್ವಿಚ್ಚುಗಳು ಬಂದವು. ಬಂದ ದಿನ ಕುಂಕುಮ ಹಚ್ಚಿದರು, ಕಾಯಿ ಒಡೆದರು, ಕುಂದಾ ಹಂಚಿದರು. ಸ್ವಿಚ್ಚಿಗೆ ಆಗಬೇಕಾದ ಸಂಸ್ಕಾರಗಳೆಲ್ಲ ಆದವು, ಸೆಟ್ಟಿಂಗ್ ಒಂದನ್ನು ಬಿಟ್ಟು.

ಗೊತ್ತಿಲ್ಲದವರಿಗೆ ಎರಡು ಮಾತು. ಆಫೀಸಿನ ಕಂಪ್ಯೂಟರು, ಪ್ರಿಂಟರು, ಕ್ಯಾಮೆರಾಗಳೆಲ್ಲ ತಂತಿ ಹಿಡಿದು ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಅನ್ನುತ್ತಾರೆ. ಸಾದಾ ಸ್ವಿಚ್ಚಾದರೆ ವಾಯರು ಚುಚ್ಚಿದರೆ ಮುಗಿಯಿತು, ಅದಕ್ಕೆ ಏನೂ ಹೇಳುವಂತಿಲ್ಲ, ಅದು ಏನೂ ಕೇಳುವುದಿಲ್ಲ. ಮ್ಯಾನೇಜ್ಡ್ ಸ್ವಿಚ್ಚಿಗೆ ಒಂದೊಂದು ಪೋರ್ಟನ್ನೂ ಕರೆದು ಹೇಳಬಹುದು: ನೀನು ಇಷ್ಟು ವೇಗದಲ್ಲಿ ಮಾತಾಡು, ನೀನು ಈ ಗುಂಪಿನೊಳಗೆ ಮಾತ್ರ ಮಾತಾಡು, ನೀನು ಬಾಯಿ ಮುಚ್ಚಿಕೊಂಡಿರು. ಹೀಗೆ ಹೇಳಿಸಿಕೊಳ್ಳುವ ಯೋಗ್ಯತೆ ಇರುವುದಕ್ಕೇ ಅದರ ಬೆಲೆ ಸಾದಾ ಸ್ವಿಚ್ಚಿನ ಹಲವು ಪಟ್ಟು. ಖಾಸಬಾಗದ ರವಿವಾರದ ಸಂತೆಯಲ್ಲಿ ಕೊತ್ತಂಬರಿ ಸಿವುಡಿಗೆ ಐದು ರೂಪಾಯಿ ಇಳಿಸಲು ಬಿಸಿಲಲ್ಲಿ ಕಾಲು ಗಂಟೆ ನಿಲ್ಲುವ ನಿರ್ದೇಶಕರು, ಹೇಳಲು ನಮ್ಮಲ್ಲಿ ಏನಾದರೂ ಇದೆಯೇ ಎಂದು ಕೇಳದೆ ಸಹಿ ಹಾಕಿದರು. ನಿಯಮದಂತೆ ಮೂರು ಕೊಟೇಶನ್ ತರಿಸಿದ್ದರು. ಮೂರರಲ್ಲೂ ಅಕ್ಷರ ಒಬ್ಬನದೇ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲಿ ಬೆಳಗಾವಿ ಸೇರಿದ ಮೇಲೆ ಈ ಊರಿಗೆ ದಡ್ಡ ಪೆಟ್ಟಿಗೆ ತರುವುದೇ ಅವಮಾನವಾಗಿದೆ. ಹಾಗಾಗಿ ಜಾಣ ಪೆಟ್ಟಿಗೆ ಬಂತು. ಅದರ ಯೂಸರ್ ನೇಮ್ ‘ಅಡ್ಮಿನ್’, ಪಾಸ್‌ವರ್ಡೂ ‘ಅಡ್ಮಿನ್’. ಕಾರ್ಖಾನೆಯಲ್ಲಿ ಇಟ್ಟ ಹೆಸರು, ಹಾಗೇ ಉಳಿದಿದೆ. ಬಂಗಾರ ಒತ್ತೆಯಿಟ್ಟ ತಿಜೋರಿಗೆ ಇದೇ ಸೊಸೈಟಿಯಲ್ಲಿ ಎರಡು ಕೀಲಿ, ಇಬ್ಬರ ಸಹಿ, ಒಂದು ರಿಜಿಸ್ಟರು. ಆ ಬಂಗಾರದ ಲೆಕ್ಕ ಓಡಾಡುವ ಸ್ವಿಚ್ಚಿಗೆ ಮಾತ್ರ ಯಾರು ಬಂದರೂ ಸ್ವಾಗತ.

ಈಗ ಪೋರ್ಟಿನ ವಿಷಯಕ್ಕೆ ಬರೋಣ. ತಂತಿಯ ಎರಡು ತುದಿಯಲ್ಲಿರುವ ಯಂತ್ರಗಳು ಮೊದಲು ತಮ್ಮ ತಮ್ಮಲ್ಲಿ ಒಪ್ಪಂದ ಮಾಡಿಕೊಳ್ಳುತ್ತವೆ. ನನಗೆ 10, 100, 1000 ಮೂರೂ ವೇಗ ಬರುತ್ತದೆ, ನಿನಗೆ? ನನಗೂ. ಹಾಗಾದರೆ ಇಬ್ಬರೂ 1000ದಲ್ಲಿ ಹೋಗೋಣ. ಇಬ್ಬರೂ ಒಟ್ಟಿಗೇ ಮಾತಾಡಬಹುದೋ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರೋ ಎಂಬುದೂ ಆಗಲೇ ತೀರ್ಮಾನ. ಇದಕ್ಕೆ ಆಟೊ ನೆಗೋಶಿಯೇಶನ್ ಎಂದು ಹೆಸರು. 1995ರ ಫಾಸ್ಟ್ ಈಥರ್‌ನೆಟ್ ಜೊತೆಗೆ ಬಂದ ವ್ಯವಸ್ಥೆ. ತಂತಿ ಚುಚ್ಚಿದ ಕೆಲವೇ ಸೆಕೆಂಡಿನಲ್ಲಿ ಮಾತುಕತೆ ಮುಗಿದು ಹಸಿರು ದೀಪ ಹತ್ತುತ್ತದೆ. ಗಿಗಾಬಿಟ್ ತಾಮ್ರದ ತಂತಿಯಲ್ಲಂತೂ ಯಾರ ಗಡಿಯಾರವನ್ನು ಯಾರು ಅನುಸರಿಸಬೇಕು ಎಂಬುದನ್ನೂ ಇದೇ ಮಾತುಕತೆಯಲ್ಲಿ ಗೊತ್ತುಮಾಡಿಕೊಳ್ಳಬೇಕು. ಕರ್ನಾಟಕ-ಮಹಾರಾಷ್ಟ್ರ ಗಡಿಯ ಬಗ್ಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು, 2004ರಿಂದ ಅದೇ ಗಡಿಯ ದಾವೆ ಸುಪ್ರೀಂ ಕೋರ್ಟಿನಲ್ಲಿರುವ ಊರಿಗೆ ಇಂಥ ಯಂತ್ರಗಳನ್ನು ತಂದು ಕೂರಿಸುವುದು ಯಂತ್ರಕ್ಕೇ ಮುಜುಗರದ ವಿಷಯ.

ಎಡವಟ್ಟು ಆಗುವುದು ಒಂದು ತುದಿಯವನು ಜಾಣತನ ತೋರಿಸಿದಾಗ. ‘ನಮ್ಮ ಕಡೆ 100, ಫುಲ್ ಡ್ಯೂಪ್ಲೆಕ್ಸ್, ಇದೇ ಫೈನಲ್’ ಎಂದು ಒಂದು ಕಡೆ ಕೈಯಾರೆ ಬರೆದುಬಿಟ್ಟರೆ ಆ ತುದಿ ಮಾತುಕತೆಯನ್ನೇ ನಿಲ್ಲಿಸುತ್ತದೆ. ಇತ್ತ ಇನ್ನೊಂದು ತುದಿ ಕೇಳುತ್ತದೆ, ಕೇಳುತ್ತದೆ, ಉತ್ತರವಿಲ್ಲ. ವೇಗವನ್ನೇನೋ ಅದು ಸಂಕೇತದಿಂದಲೇ ಊಹಿಸಬಲ್ಲದು. ಇಬ್ಬರೂ ಒಟ್ಟಿಗೆ ಮಾತಾಡಬಹುದೇ ಎಂಬುದನ್ನು ಊಹಿಸಲಾರದು. ಉತ್ತರ ಬಾರದಿದ್ದರೆ ಸರದಿಯಂತೆ ಮಾತಾಡುವ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿ ಎನ್ನುತ್ತದೆ ನಿಯಮ. ಇಳಿಯುತ್ತದೆ. ಆಮೇಲೆ ಒಬ್ಬ ಮನಬಂದಾಗ ಮಾತಾಡುತ್ತಾನೆ, ಇನ್ನೊಬ್ಬ ಅವನು ಬಾಯಿ ಹಾಕಿದಾಗಲೆಲ್ಲ ಡಿಕ್ಕಿಯಾಯಿತೆಂದು ತನ್ನ ಮಾತನ್ನು ಅರ್ಧಕ್ಕೆ ಬಿಟ್ಟು ಮೊದಲಿನಿಂದ ಶುರು ಮಾಡುತ್ತಾನೆ. ದೀಪ ಹಸಿರು. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಪಾಸ್‌ಬುಕ್ಕಿನ ಒಂದು ಹಾಳೆ ಪ್ರಿಂಟಾಗಲು ಮಾತ್ರ ಅಜ್ಜಿ ಎರಡು ಸಲ ಎಲೆ ಅಡಿಕೆ ಹಾಕಿಕೊಳ್ಳಬೇಕು.

ನಮ್ಮ ಖಾನಾಪುರ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣಕುಂಬಿಯ ಹತ್ತಿರದ ಕಳಸಾ ನಾಲೆಯ ನೀರು ಮಲಪ್ರಭೆಗೆ ಬರಬೇಕು. 2010ರಲ್ಲಿ ಮಹದಾಯಿ ನ್ಯಾಯಮಂಡಳಿ ಆಯಿತು, 2018ರ ಆಗಸ್ಟಿನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಎಂದು ತೀರ್ಪು ಬಂತು, 2020ರಲ್ಲಿ ಗೆಜೆಟ್ಟಿನಲ್ಲಿ ಹೊರಟಿತು, 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿತು. ಪ್ರತಿ ಸಲವೂ ಹಸಿರು ದೀಪ, ಪ್ರತಿ ಸಲವೂ ಪಟಾಕಿ. ಗೋವಾ ಒಂದು ಕಡೆ ತನ್ನ ಸೆಟ್ಟಿಂಗ್ ಬರೆದು ಬೀಗ ಹಾಕಿ ಕೂತಿದೆ, ನಾವು ಇನ್ನೊಂದು ಕಡೆ. ಲಿಂಕ್ ಅಪ್ ಇದೆ, ನೀರು ಇನ್ನೂ ಬಂದಿಲ್ಲ.

ಸ್ವಿಚ್ಚಿನ ಒಂದು ಒಳ್ಳೆಯ ಗುಣ ಹೇಳಲೇಬೇಕು. ಯಾವ ಪೋರ್ಟಿನಲ್ಲಿ ಎಷ್ಟು ತಪ್ಪಾಯಿತು, ಎಷ್ಟು ಡಿಕ್ಕಿಯಾಯಿತು, ಎಷ್ಟು ತುಂಡು ಕೆಟ್ಟು ಬಂದವು ಎಂದು ಅದು ತಾನೇ ಎಣಿಸುತ್ತಿರುತ್ತದೆ. ಇಡೀ ಸೊಸೈಟಿಯಲ್ಲಿ ಸೆಕ್ರೆಟರಿ ತಿದ್ದಲಾಗದ ಲೆಕ್ಕ ಇದೊಂದೇ. ಆಡಿಟರು ಕೇಳದ ಲೆಕ್ಕವೂ ಇದೊಂದೇ.

ಕೇಳಿದ್ದರೆ ಏಳನೇ ಪೋರ್ಟು ಏಕೆ 1000ದ ಬದಲು 100ರಲ್ಲಿ ತೆವಳುತ್ತಿದೆ ಎಂದು ಗೊತ್ತಾಗುತ್ತಿತ್ತು. ಲ್ಯಾನ್ ಕೇಬಲ್ಲಿನೊಳಗೆ ನಾಲ್ಕು ಜೋಡಿ, ಎಂಟು ಎಳೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡು ಸಾಕು. ವಾಯರಿಂಗ್ ಮಾಡಿದವನು ಕೇಬಲ್ ಉಳಿಸಲು ಎರಡು ಜೋಡಿಯನ್ನು ಕಂಪ್ಯೂಟರಿಗೆ, ಉಳಿದ ಎರಡನ್ನು ಪಕ್ಕದ ಕ್ಯಾಮೆರಾಕ್ಕೆ ಹಂಚಿದ್ದಾನೆ. ಮೇಲಾಗಿ ಆ ಕೇಬಲ್ಲನ್ನು ಮೋಟಾರಿನ ಲೈನಿನ ಮಗ್ಗುಲಲ್ಲೇ ಎಳೆದಿದ್ದಾನೆ, ಸ್ವಿಚ್ಚಿನ ಫ್ಯಾನಿಗೆ ಲೂಮಿನ ಹತ್ತಿಯ ಧೂಳು ಮೆತ್ತಿ ದಿಂಬಾಗಿದೆ. ಹಾಸಿನಲ್ಲಿ ಒಂದೇ ಒಂದು ಎಳೆ ಹರಿದರೂ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಆಮೇಲಷ್ಟೇ ಮುಂದೆ ನೇಯುವ ಜನರ ಬಡಾವಣೆ ಇದು. ಅಂಥವರ ಷೇರು ದುಡ್ಡಿನಲ್ಲಿ ನಡೆಯುವ ಸೊಸೈಟಿ ಎಂಟರಲ್ಲಿ ನಾಲ್ಕು ಎಳೆ ಬಿಟ್ಟು ವರ್ಷಗಟ್ಟಲೆ ಓಡುತ್ತಿದೆ.

ಪೋರ್ಟುಗಳಿಗೆ ಹೆಸರು ಬರೆಯುವ ಜಾಗವೂ ಇರುತ್ತದೆ. ‘ಕ್ಯಾಶ್ ಕೌಂಟರ್’, ‘ಲಾಕರ್ ರೂಮ್ ಕ್ಯಾಮೆರಾ’ ಹೀಗೆ. ಬಹುತೇಕ ಸ್ವಿಚ್ಚುಗಳು ಅಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಏನನ್ನೂ ಒಪ್ಪುವುದಿಲ್ಲ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದ ರಾಜ್ಯದಲ್ಲಿ, ಬೋರ್ಡಿಗಾಗಿ ಕನ್ನಡ, ಮರಾಠಿ ಎರಡೂ ಭಾಷೆಯವರು ಬಣ್ಣದ ಡಬ್ಬಿ ಹಿಡಿದು ಓಡಾಡಿದ ಊರಿನಲ್ಲಿ, ಎರಡೂ ಕಡೆಯವರು ಒಂದಕ್ಷರ ತಕರಾರು ಮಾಡದ ಏಕೈಕ ಬೋರ್ಡು ಇದೇ ಇದ್ದೀತು. ಕಾರಣ ಸರಳ, ಅದನ್ನು ಯಾರೂ ತೆರೆದು ನೋಡಿಲ್ಲ. ನಮ್ಮ ಸೊಸೈಟಿಯಲ್ಲಿ ಎರಡೂ ಸ್ವಿಚ್ಚಿನ 48 ಹೆಸರೂ ಖಾಲಿ. ಯಾವ ವಾಯರು ಎಲ್ಲಿಗೆ ಹೋಗಿದೆ ಎಂದು ಹುಡುಕುವ ಪದ್ಧತಿ ಬೇರೆಯೇ ಇದೆ: ಒಂದೊಂದಾಗಿ ಕೀಳುತ್ತ ಹೋಗುವುದು, ‘ನೆಟ್ ಹೋತಲ್ರೋ!’ ಎಂದು ಯಾರು ಕೂಗುತ್ತಾರೋ ಆ ಪೋರ್ಟು ಅವರದು.

ಇನ್ನು ವಿಲ್ಯಾನ್. ಒಂದೇ ಸ್ವಿಚ್ಚಿನೊಳಗೆ ಗೋಡೆ ಎಬ್ಬಿಸಿ ಕೌಂಟರಿನವರನ್ನು, ಕ್ಯಾಮೆರಾಗಳನ್ನು, ಬಂದುಹೋಗುವವರ ವೈಫೈಯನ್ನು ಬೇರೆ ಬೇರೆ ಇಡುವ ಏರ್ಪಾಡು ಇದು. 1ರಿಂದ 4094ರವರೆಗೆ ಅಂಕಿ ಕೊಡಬಹುದು. ನಮ್ಮವರು ಬಳಸಿರುವುದು ಒಂದು, ಅದೂ ಕಾರ್ಖಾನೆಯಿಂದ ಬಂದ ಒಂದನೇ ನಂಬರು. ಹಾಗಾಗಿ ಠೇವಣಿದಾರರ ಲೆಕ್ಕ, ತಿಜೋರಿ ಕೋಣೆಯ ಕ್ಯಾಮೆರಾ, ಚೇರ್ಮನ್ನರ ಮೊಮ್ಮಗ ಗೇಮ್ ಆಡುವ ಫೋನು ಎಲ್ಲವೂ ಒಂದೇ ಅಂಗಳದಲ್ಲಿ. ನೆಲದ ಮೇಲಿನ ಗಡಿಗಾಗಿ ತಲೆಮಾರುಗಟ್ಟಲೆ ಬಂದ್ ಮಾಡಿದ ಊರು, ಗಡಿ ನಿಜಕ್ಕೂ ಬೇಕಾದ ಜಾಗದಲ್ಲಿ ವಿಶ್ವಬಂಧುತ್ವ ಸಾರಿದೆ.

ಬಳಸದ ಪೋರ್ಟನ್ನು ಮುಚ್ಚಿಡಬೇಕು ಎಂಬುದು ಇನ್ನೊಂದು ನಿಯಮ. ಸೊಸೈಟಿಯಲ್ಲಿ ಯಾರೂ ಪಾಲಿಸಿಲ್ಲ. ನಮ್ಮ ಊರಿನಲ್ಲಿ ಅದನ್ನು ತಪ್ಪದೆ ಪಾಲಿಸುವ ಒಂದು ಕಟ್ಟಡವಿದೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ ಸುವರ್ಣ ವಿಧಾನಸೌಧ. ಚಳಿಗಾಲದಲ್ಲಿ ಎರಡು ವಾರ ತೆರೆಯುತ್ತಾರೆ, ಬೆಂಗಳೂರಿನಿಂದ ಟ್ರಾಫಿಕ್ ಬಂದು ನುಗ್ಗುತ್ತದೆ, ಡಿಕ್ಕಿಗಳ ಎಣಿಕೆ ಏರುತ್ತದೆ, ಆಮೇಲೆ ಅಧಿವೇಶನವೆಂಬ ಪೋರ್ಟು ಬರುವ ಚಳಿಗಾಲದವರೆಗೆ ಶಟ್‌ಡೌನ್.

ಇಷ್ಟೆಲ್ಲ ಸಣ್ಣಪುಟ್ಟದ್ದು. ನಿಜವಾದ ನಾಟಕ ನಡೆದದ್ದು ಎರಡು ವಾಯರಿನ ವಿಷಯದಲ್ಲಿ.

ಕೆಳಗಿನ ಸ್ವಿಚ್ಚಿಗೂ ಮೇಲಿನ ಸ್ವಿಚ್ಚಿಗೂ ನಡುವೆ ಒಂದು ವಾಯರಿತ್ತು. ಎರಡು ಹಾಕಿದರೆ ಸ್ಪೀಡು ಡಬಲ್ ಎಂದು ಚೇರ್ಮನ್ನರಿಗೆ ಯಾರೋ ಹೇಳಿದರು. ಆಗ ಕೇಂದ್ರದಲ್ಲೂ ರಾಜ್ಯದಲ್ಲೂ ಒಂದೇ ಪಕ್ಷವಿತ್ತಾದ್ದರಿಂದ ಅದಕ್ಕೆ ‘ಡಬಲ್ ಇಂಜಿನ್ ವಾಯರ್’ ಎಂದು ನಾಮಕರಣವಾಯಿತು. 2023ರಲ್ಲಿ ಸರಕಾರ ಬದಲಾದ ಮೇಲೆ ಅದೇ ವಾಯರು ‘ಗ್ಯಾರಂಟಿ ವಾಯರ್’. ವಾಯರಿಗೆ ಈ ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಏನೂ ಹೇಳದೆ ಕೇಳದೆ ಎರಡು ಸ್ವಿಚ್ಚಿನ ನಡುವೆ ಎರಡು ವಾಯರು ಚುಚ್ಚಿದರೆ ಅದು ಸುತ್ತು. ಒಬ್ಬ ‘ಪ್ರಿಂಟರ್ ಯಾರಪ್ಪಾ?’ ಎಂದು ಎಲ್ಲರಿಗೂ ಕೇಳುವಂತೆ ಕೂಗಿದರೆ, ಆ ಕೂಗು ಒಂದು ವಾಯರಿನಲ್ಲಿ ಮೇಲೆ ಹೋಗಿ ಇನ್ನೊಂದರಲ್ಲಿ ಕೆಳಗಿಳಿದು ಮತ್ತೆ ಮೇಲೆ ಹತ್ತಿ, ಹಳೆಯ ಕೂಗಿನ ಜೊತೆ ಹೊಸ ಕೂಗು ಸೇರಿ, ಕ್ಷಣದಲ್ಲಿ ಇಡೀ ಆಫೀಸು ಮೂರ್ಛೆ. ನಮ್ಮ ಸಂಜೆಯ ಟೀವಿ ಚರ್ಚೆಗಳನ್ನು ನೋಡುವವರಿಗೆ ಇದು ಹೊಸದಲ್ಲ.

ಈ ಅನಾಹುತ ತಪ್ಪಿಸುವ ಉಪಾಯವನ್ನು 1985ರಲ್ಲೇ ರೇಡಿಯಾ ಪರ್ಲ್‌ಮನ್ ಎಂಬ ಹೆಣ್ಣುಮಗಳು ಅಮೆರಿಕದ ಡಿಜಿಟಲ್ ಕಂಪನಿಯಲ್ಲಿದ್ದಾಗ ಕಂಡುಹಿಡಿದರು. ಸ್ಪ್ಯಾನಿಂಗ್ ಟ್ರೀ ಎಂದು ಅದರ ಹೆಸರು, ಅದನ್ನು ವಿವರಿಸಲು ಒಂದು ಪದ್ಯವನ್ನೂ ಬರೆದರು. ಸುತ್ತು ಕಂಡರೆ ಸ್ವಿಚ್ಚುಗಳು ತಾವೇ ಮಾತಾಡಿಕೊಂಡು ಒಂದು ದಾರಿಯನ್ನು ತಡೆಯುತ್ತವೆ. ಅದರ ಲೆಕ್ಕ ತಪ್ಪಿದರೆ ಏನಾಗುತ್ತದೆಂದು 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ ಕಂಡಿತು. ಸುಮಾರು ನಾಲ್ಕು ದಿನ ನೆಟ್‌ವರ್ಕ್ ಕುಸಿದು ವೈದ್ಯರು ಕಾಗದ ಪೆನ್ನು ಹಿಡಿದರು. ನಮ್ಮಲ್ಲಿ ಪುಣ್ಯಕ್ಕೆ ಲೆಕ್ಕ ಸರಿಯಿತ್ತು. ಎರಡನೆಯ ವಾಯರನ್ನು ಸ್ವಿಚ್ಚು ತಡೆಹಿಡಿದು ಕೂರಿಸಿತು. ಸೊಸೈಟಿ ಡಬಲ್ ದುಡ್ಡು ಕೊಟ್ಟು ಸಿಂಗಲ್ ಓಡಿಸುತ್ತಿತ್ತು, ಪೇಪರಿನಲ್ಲಿ ಮಾತ್ರ ಡಬಲ್ ಎಂದು ಸುದ್ದಿ ಬಂತು.

ಕೊನೆಗೆ ಒಬ್ಬ ನೆಟ್‌ವರ್ಕ್ ಹುಡುಗನನ್ನು ಕರೆಸಿದರು. 1998ರಿಂದ ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಇರುವ ಊರು, ಹುಡುಗರಿಗೇನು ಬರವಿಲ್ಲ. ಅವನು ಎರಡು ವಾಯರನ್ನು ಒಂದೇ ಎಂದು ಸ್ವಿಚ್ಚಿಗೆ ತಿಳಿಸಿ ಹೇಳುವ ವಿದ್ಯೆ ಬಲ್ಲವನು. ಲಿಂಕ್ ಅಗ್ರಿಗೇಶನ್. ಇದರ ಹುಟ್ಟಿನಲ್ಲಿ ಭಾರತೀಯ ಮೂಲದವರೊಬ್ಬರ ಕೈಯೂ ಇದೆ: ವಿನೋದ್ ಭಾರದ್ವಾಜ್ ಜೊತೆಗಾರರಾಗಿ ಸಿಲಿಕಾನ್ ವ್ಯಾಲಿಯಲ್ಲಿ ಕಟ್ಟಿದ ‘ಕಲ್ಪನಾ’ ಕಂಪನಿ ಮೊದಲ ಈಥರ್‌ನೆಟ್ ಸ್ವಿಚ್ಚನ್ನೂ ತಂತಿ ಜೋಡಿಸುವ ಈಥರ್‌ಚಾನೆಲ್ಲನ್ನೂ ತಂದಿತು, 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು. ಎಲ್ಲ ಕಂಪನಿಗಳಿಗೂ ಒಪ್ಪುವ ಪದ್ಧತಿ 2000ದಲ್ಲಿ ಬಂತು.

ಹುಡುಗ ಬಂದು ನೋಡಿದ. ಒಂದು ವಾಯರು 1000ದಲ್ಲಿದೆ, ಇನ್ನೊಂದು ಅದೇ ಎರಡು ಜೋಡಿಯ ಕೃಪೆಯಿಂದ 100ರಲ್ಲಿದೆ. ವೇಗ ಒಂದೇ ಆಗದೆ ಜೋಡಿ ಕೂಡುವುದಿಲ್ಲ. ಕೇಬಲ್ ಬದಲಿಸಿದ. ಆಮೇಲೆ ಎಲ್‌ಎಸಿಪಿ ಎಂಬ ಸಂಧಾನದ ಪದ್ಧತಿ ಹಚ್ಚಬೇಕು. ಅದರಲ್ಲಿ ಪ್ರತಿ ತುದಿಗೂ ಎರಡು ಆಯ್ಕೆ. ಆಕ್ಟಿವ್ ಎಂದರೆ ನಾನೇ ಮೊದಲು ಮಾತಾಡಿಸುತ್ತೇನೆ. ಪ್ಯಾಸಿವ್ ಎಂದರೆ ಅವರು ಮಾತಾಡಿಸಿದರೆ ಮಾತಾಡುತ್ತೇನೆ. ಎರಡೂ ಆಕ್ಟಿವ್ ಇದ್ದರೆ ಚಿಂತೆಯಿಲ್ಲ, ಒಂದಾದರೂ ಆಕ್ಟಿವ್ ಇದ್ದರೂ ನಡೆಯುತ್ತದೆ. ಇದನ್ನು ಅವನು ಬಾಯಿ ಬಿಟ್ಟು ಹೇಳಿದ್ದೇ ತಪ್ಪಾಯಿತು. ಮೇಲಿನ ಸ್ವಿಚ್ಚು ಚೇರ್ಮನ್ನರ ಮಹಡಿ, ಕೆಳಗಿನದು ಸೆಕ್ರೆಟರಿಯ ಮಹಡಿ, ಇಬ್ಬರೂ ಚುನಾವಣೆಯಲ್ಲಿ ಬೇರೆ ಬೇರೆ ಪೆನಲ್ಲು.

‘ಮ್ಯಾಲಿನ ಸ್ವಿಚ್ಚು ಮೊದಲ ಮಾತಾಡ್ಸಿದ್ರ ಖುರ್ಚಿ ಮರ್ಯಾದಿ ಏನ ಉಳೀತೋ ತಮ್ಮಾ? ಪ್ಯಾಸಿವ್ ಹಚ್ಚು’ ಅಂದರು ಚೇರ್ಮನ್ನರು.

ಸೆಕ್ರೆಟರಿ ಕೆಳಗಿನಿಂದಲೇ ಕೂಗಿದರು: ‘ನಮ್ಮ ಸ್ವಿಚ್ಚೇನು ಅವರ ಬಾಗಲಾಗ ಹೋಗಿ ನಿಂದರಬೇಕೇನು? ನಮ್ಮದೂ ಪ್ಯಾಸಿವ್!’

‘ಸಾಹೇಬ್ರ, ಯಾರರೆ ಒಬ್ಬರು ಮೊದಲ ಮಾತಾಡ್ಬೇಕ್ರಿ.’

‘ಮಾತಾಡ್ಲಿ. ನಾವೆಲ್ಲಿ ಬ್ಯಾಡ ಅಂದೀವಿ? ಮೊದಲ ಅವರು ಮಾತಾಡ್ಲಿ.’

ಎರಡೂ ಕಡೆ ಪ್ಯಾಸಿವ್ ಬರೆಯಲಾಯಿತು. ಎರಡೂ ಸ್ವಿಚ್ಚು ಸೌಜನ್ಯದ ಮೂರ್ತಿಗಳಂತೆ ಒಬ್ಬರನ್ನೊಬ್ಬರು ಕಾಯುತ್ತ ಕುಳಿತವು. ಜೋಡಿ ಕಟ್ಟಲಿಲ್ಲ. ಸ್ಪ್ಯಾನಿಂಗ್ ಟ್ರೀ ಎಂದಿನಂತೆ ಒಂದು ವಾಯರನ್ನು ತಡೆಯಿತು. ಮೂರನೆಯ ದಾರಿಯೂ ಇದೆ: ಸಂಧಾನವೇ ಬೇಡ, ನಾವು ಜೋಡಿಯೇ ಎಂದು ಘೋಷಿಸಿಕೊಳ್ಳುವುದು. ಎರಡೂ ಕಡೆ ಹಾಗೆ ಘೋಷಿಸಿದರೆ ಸರಿ, ಒಂದೇ ಕಡೆ ಘೋಷಿಸಿದರೆ ಚುನಾವಣಾ ಮೈತ್ರಿಯ ಪತ್ರಿಕಾಗೋಷ್ಠಿಯ ಗತಿ. ಹುಡುಗ ಅದರ ಗೊಡವೆಗೆ ಹೋಗದೆ ಮಧ್ಯಾಹ್ನ ಇಬ್ಬರೂ ಊಟಕ್ಕೆ ಹೋದಾಗ ಎರಡೂ ಕಡೆ ಆಕ್ಟಿವ್ ಬರೆದ. ಎರಡು ತುದಿಯೂ ಏಕಕಾಲಕ್ಕೆ ನಮಸ್ಕಾರ ಅಂದವು, ಯಾರ ಮರ್ಯಾದೆಯೂ ಹೋಗಲಿಲ್ಲ, ದೀಪ ಎರಡೂ ಮಿನುಗಿದವು.

ಚೇರ್ಮನ್ನರು ಬಂದು ಪರೀಕ್ಷೆಗೆಂದು ಮಗಳ ಮದುವೆಯ ವಿಡಿಯೊ ಕಾಪಿ ಮಾಡಿದರು. ಹಳೆಯ ಸ್ಪೀಡೇ.

‘ಎರಡ ವಾಯರಿಗೆ ರೊಕ್ಕಾ ಕೊಟ್ಟೀವಿ, ಸ್ಪೀಡ್ ಒಂದರದ ಐತಲ್ಲೋ?’

‘ಒಬ್ಬರಿಗೆ ಒಂದ ವಾಯರ್ ರೀ ಸಾಹೇಬ್ರ. ಒಂದ ಫೈಲಿನ ತುಂಡು ಎರಡೂ ಕಡೆ ಹಂಚಿದ್ರ ಹಿಂದಿಂದು ಮುಂದ ಬಂದು ಗೋಂದಲ ಆಕ್ಕೈತ್ರಿ. ಅದಕ್ಕ ಯಾರಿಂದ ಯಾರಿಗೆ ಅಂತ ವಿಳಾಸ ನೋಡಿ, ಲೆಕ್ಕಾ ಹಾಕಿ, ಒಂದೊಂದು ಮಾತುಕತಿಗೆ ಒಂದೊಂದು ವಾಯರ್ ಕೊಡ್ತೈತ್ರಿ. ಭಾಳ ಮಂದಿ ಒಮ್ಮೆಲೇ ಬಂದ್ರ ಎಲ್ಲಾರಿಗೂ ಜಾಗಾ ಆಕ್ಕೈತ್ರಿ. ಒಂದ ಹರಿದ್ರೂ ಇನ್ನೊಂದು ನಡೀತೈತ್ರಿ.’

‘ಎಲ್ಲಾರಿಗೂ ಆದ್ರ ನನಗೇನೋ ಲಾಭಾ?’

ಸಹಕಾರ ಚಳವಳಿಯ ಕುರಿತು ಇಷ್ಟು ಖಚಿತವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಹುಡುಗ ಇನ್ನೊಂದು ವಿಷಯ ಹೇಳಲು ಬಾಯಿ ತೆರೆದಿದ್ದ. ಹೊರಗಿನಿಂದ ಬರುವ ಇಂಟರ್ನೆಟ್ಟೇ 100ರದ್ದು, ಒಳಗೆ 2000ದ ರಸ್ತೆ ಹಾಕಿದರೂ ರಿಸರ್ವ್ ಬ್ಯಾಂಕಿನ ಸುತ್ತೋಲೆ ಬೇಗ ಇಳಿಯುವುದಿಲ್ಲ ಎಂದು. ಮುಖ ನೋಡಿ ಸುಮ್ಮನಾದ.

ಅವನು ಮನೆಗೆ ಹೊರಟದ್ದು ಸಂಜೆ. ಸ್ವಿಚ್ಚಿಗೆ ಎರಡು ನೆನಪು. ಈಗ ನಡೆಯುತ್ತಿರುವುದು ಒಂದು, ಎದ್ದಾಗ ಓದಿಕೊಳ್ಳುವುದು ಒಂದು. ಮೊದಲನೆಯದನ್ನು ಎರಡನೆಯದಕ್ಕೆ ಬರೆದಿಡು ಎಂದು ಒಂದು ಆಜ್ಞೆ ಕೊಡದಿದ್ದರೆ ಎಷ್ಟೋ ಮಾದರಿಗಳಲ್ಲಿ ಕರೆಂಟು ಹೋದಾಗ ಎಲ್ಲ ಮರೆತುಹೋಗುತ್ತದೆ. ಸುವರ್ಣಸೌಧದಲ್ಲಿ ಡಿಸೆಂಬರಿನಲ್ಲಿ ಕೊಟ್ಟ ಭರವಸೆಗಳು ಜನವರಿಯಲ್ಲಿ ಎಲ್ಲಿ ಹೋಗುತ್ತವೆ ಎಂದು ಉತ್ತರ ಕರ್ನಾಟಕದವರು ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ. ಅವು ಮೊದಲ ನೆನಪಿನಲ್ಲೇ ಇದ್ದವು, ಸೇವ್ ಒತ್ತುವವರು ಇರಲಿಲ್ಲ, ಅಷ್ಟೇ. ಹುಡುಗ ಸೇವ್ ಒತ್ತಬೇಕೆನ್ನುವಷ್ಟರಲ್ಲಿ ಸೆಕ್ರೆಟರಿ ಬಂದು ‘ನಮ್ಮ ಕಡೆ ಆಕ್ಟಿವ್ ಅಂತ ಯಾರೋ ಬರದಾರಂತಲ್ಲ?’ ಎಂದು ಜಗಳ ತೆಗೆದರು. ಒತ್ತಲಿಲ್ಲ. ರಾತ್ರಿ ಒಂಬತ್ತಕ್ಕೆ ಲೈಟ್ ಹೋದವು, ಯುಪಿಎಸ್ಸಿನ ಬ್ಯಾಟರಿ ಎಂದೋ ಸತ್ತಿತ್ತು. ಬೆಳಗ್ಗೆ ಎರಡೂ ಸ್ವಿಚ್ಚು ತೆಂಗಿನಕಾಯಿ ಒಡೆದ ದಿನದಷ್ಟೇ ಮುಗ್ಧವಾಗಿ ಎದ್ದವು.

ವಾರ್ಷಿಕ ಸಭೆಯಲ್ಲಿ ಇದು ಚರ್ಚೆಗೆ ಬಂತು. ಸೊಸೈಟಿಯ ಖಾನಾಪುರ ಶಾಖೆಯವರು ತಮ್ಮ ಕಡೆ ಎಲ್ಲ ಸರಿಯಿದೆ, ಖಾಸಬಾಗದವರೇ ನೋಡಿಕೊಳ್ಳಬೇಕು ಎಂದರು. ಖಾಸಬಾಗದವರು ಅದನ್ನೇ ಖಾನಾಪುರದ ಕಡೆ ಬೆರಳು ಮಾಡಿ ಹೇಳಿದರು. ಒಬ್ಬ ಮುದುಕ ಸದಸ್ಯರು ಎದ್ದು, ‘ಎಲ್ಲಾ ಸರಿ ಇದ್ರ ನನ್ನ ಪಾಸ್‌ಬುಕ್ಕಾ ಯಾಕ ಪ್ರಿಂಟ್ ಆಗವಲ್ದು?’ ಎಂದು ಕೇಳಿದರು. ಅದು ಕಾರ್ಯಸೂಚಿಯಲ್ಲಿಲ್ಲ ಎಂದು ಕೂರಿಸಲಾಯಿತು. ಆಮೇಲೆ ಠರಾವುಗಳು. ಇರುವ ಸ್ವಿಚ್ಚುಗಳ ಸಾಮರ್ಥ್ಯ ಸಾಲದ ಕಾರಣ 48 ಪೋರ್ಟಿನ ಎರಡು ಹೊಸ ಮ್ಯಾನೇಜ್ಡ್ ಸ್ವಿಚ್ಚು ಖರೀದಿಗೆ ಸರ್ವಾನುಮತದ ಒಪ್ಪಿಗೆ. ಹಳೆಯವನ್ನು ಖಾನಾಪುರ ಶಾಖೆಗೆ ಕಳಿಸುವುದು. ಎರಡರ ಬದಲು ನಾಲ್ಕು ವಾಯರು ಹಾಕುವುದು. ಸೆಟ್ಟಿಂಗ್ ಮಾಡಲು ಬೇಕೆಂದು ನೆಟ್‌ವರ್ಕ್ ಹುಡುಗ ಕೇಳಿದ ಒಂದು ಕನ್ಸೋಲ್ ಕೇಬಲ್ಲಿಗೆ ಬಜೆಟ್ಟಿನಲ್ಲಿ ಅವಕಾಶವಿಲ್ಲದ್ದರಿಂದ ಆ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು.